ಫೋನಿನಲ್ಲಿ ಒಂಬೈನೂರು ನಂಬರ್, ಗೆಳೆಯರು ಇಬ್ಬರೇ. ಉಳಿದವರಿಂದ ಏನು ಪ್ರಯೋಜನ?

ಪ್ರಶ್ನೆ: ನನಗೆ 44 ವರ್ಷ. ಊರು ತುಮಕೂರು, ಕೆಲಸ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ. ಎಲ್ಲರ ಜೊತೆ ಬೆರೆಯುವ ಸ್ವಭಾವ. ಫೋನಿನಲ್ಲಿ 900ಕ್ಕಿಂತ ಜಾಸ್ತಿ ನಂಬರ್ ಇವೆ. ಕಳೆದ ತಿಂಗಳು ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಯಾವ ಡಾಕ್ಟರ್ ಒಳ್ಳೆಯವರು ಅಂತ ನಮ್ಮ ಬಡಾವಣೆಯ ಮೆಡಿಕಲ್ ಸ್ಟೋರಿನವರು ಹೇಳಿದರು. ಹಳೇ ಆಫೀಸಿನ ಇಬ್ಬರು ಬಂದು ರಕ್ತ ಕೊಟ್ಟು ಹೋದರು. ಆದರೆ ರಾತ್ರಿ ಆಸ್ಪತ್ರೆಯಲ್ಲಿ ಮಲಗಲು ಯಾರನ್ನು ಕರೆಯಲಿ ಅಂತ ನೋಡಿದರೆ ಇಡೀ ಫೋನಿನಲ್ಲಿ ಇಬ್ಬರೇ ಕಂಡರು. "ನಿಮಗೆ ಊರೆಲ್ಲಾ ಪರಿಚಯ, ಗೆಳೆಯರು ಮಾತ್ರ ಇಲ್ಲ" ಅಂತಾಳೆ ಹೆಂಡತಿ. ಇಷ್ಟು ಜನರ ಜೊತೆ ನಗುನಗುತ್ತಾ ಮಾತಾಡಿ ಏನು ಬಂತು? ಇವರನ್ನೆಲ್ಲ ಬಿಟ್ಟು ಆ ಇಬ್ಬರಿಗೇ ಸಮಯ ಕೊಡಲಾ? ಅಥವಾ ಇವರಲ್ಲೇ ಕೆಲವರನ್ನು ಗೆಳೆಯರನ್ನಾಗಿ ಮಾಡಿಕೊಳ್ಳಬಹುದಾ?

ಉತ್ತರ: ಮೊದಲು ಆ "ಇಬ್ಬರೇ" ಅನ್ನುವ ಕೊರಗಿನ ಬಗ್ಗೆ. ಇಬ್ಬರು ಅಂದರೆ ಕಡಿಮೆಯೇನಲ್ಲ. ರಾತ್ರಿಯಿಡೀ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಬೆಳಗ್ಗೆ ಅಲ್ಲಿಂದಲೇ ಕೆಲಸಕ್ಕೆ ಹೋಗುವ ಮನುಷ್ಯರು ಯಾರಿಗೂ ಹತ್ತಾರು ಸಿಗುವುದಿಲ್ಲ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಅನ್ನುವ ಸಂಶೋಧಕ ಮನುಷ್ಯರ ಒಡನಾಟವನ್ನು ಸುತ್ತುಗಳ ಲೆಕ್ಕದಲ್ಲಿ ನೋಡಿದರು. ತೀರಾ ಒಳಗಿನ ಸುತ್ತಿನಲ್ಲಿ ಸುಮಾರು 5 ಜನ. ಅದರ ಹೊರಗೆ 15, ಆಮೇಲೆ 50, ಆಮೇಲೆ 150. ಅದರಾಚೆ ಬರೀ ಪರಿಚಯದವರ ಸುತ್ತು, ಹತ್ತಿರ ಹತ್ತಿರ 500. ಈ ಅಂಕಿಗಳ ಬಗ್ಗೆ, ಅದರಲ್ಲೂ 150ರ ಬಗ್ಗೆ, ವಿದ್ವಾಂಸರಲ್ಲಿ ಸಾಕಷ್ಟು ತಕರಾರಿದೆ. ಅಂದಾಜು ಅಂತಲೇ ಇಟ್ಟುಕೊಳ್ಳಿ. ಆದರೂ ಒಳಗಿನ ಸುತ್ತು ಯಾವಾಗಲೂ ಚಿಕ್ಕದು ಅನ್ನುವ ಮಾತಿಗೆ ಹೆಚ್ಚು ಆಕ್ಷೇಪ ಬಂದಿಲ್ಲ. ಆ 5ರಲ್ಲಿ ಹೆಂಡತಿ, ಅಣ್ಣತಮ್ಮ ಎಲ್ಲರೂ ಸೇರುತ್ತಾರೆ. ಹಾಗೆ ನೋಡಿದರೆ ನಿಮ್ಮದು ತುಂಬಿದ ಮನೆಯೇ.

ಈಗ ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಡಾಕ್ಟರ ಹೆಸರು ಹೇಳಿದ್ದು ಯಾರು? ಮೆಡಿಕಲ್ ಸ್ಟೋರಿನವರು. ರಕ್ತ ಕೊಟ್ಟಿದ್ದು ಯಾರು? ಹಳೇ ಆಫೀಸಿನವರು. ಒಬ್ಬರೂ ನಿಮ್ಮ ಗೆಳೆಯರಲ್ಲ. ಮತ್ತೆ "ಏನು ಬಂತು" ಅಂತ ಕೇಳುತ್ತಿದ್ದೀರಿ! ಪರಿಚಯದವರು ಮಾಡುವ ಕೆಲಸಕ್ಕೆ ಸದ್ದೇ ಇರುವುದಿಲ್ಲ. ಅದಕ್ಕೇ ಲೆಕ್ಕಕ್ಕೂ ಬರುವುದಿಲ್ಲ.

ನನ್ನ ಪ್ರಕಾರ ನೀವು ಎಡವಿರುವುದು ಒಂದೇ ಕಡೆ. ಪರಿಚಯ ಅಂದರೆ ಅರ್ಧ ದಾರಿಯಲ್ಲಿ ನಿಂತ ಗೆಳೆತನ, ಇನ್ನಷ್ಟು ದೂರ ನಡೆದಿದ್ದರೆ ಗೆಳೆತನ ಆಗುತ್ತಿತ್ತು ಅಂತ ಅಂದುಕೊಂಡಿದ್ದೀರಿ. ಹಾಗಲ್ಲ. ಎರಡರ ಕೆಲಸವೇ ಬೇರೆ. ಗೆಳೆಯನಿಂದ ಆಗದ ಕೆಲವು ಕೆಲಸ ಪರಿಚಯದವರಿಂದ ಆಗುತ್ತದೆ, ಅದೂ ಅವರು ಗೆಳೆಯರಲ್ಲ ಅನ್ನುವ ಕಾರಣಕ್ಕೇ ಆಗುತ್ತದೆ.

ಇದನ್ನು ಮೊದಲು ಸರಿಯಾಗಿ ಬಿಡಿಸಿ ಹೇಳಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡುವಾಗ ಅವರು ಬಾಸ್ಟನ್ ಪಕ್ಕದ ನ್ಯೂಟನ್ ಊರಿನಲ್ಲಿ ಆಗಷ್ಟೇ ಕೆಲಸ ಬದಲಿಸಿದವರನ್ನು ಕಂಡು ಮಾತಾಡಿಸಿದರು. ಈ ಕೆಲಸದ ಸುದ್ದಿ ನಿಮಗೆ ಹೇಳಿದ್ದು ಗೆಳೆಯರಾ ಅಂತ ಕೇಳಿದರೆ, "ಗೆಳೆಯ ಅಲ್ಲ, ಸುಮ್ನೆ ಪರಿಚಯ" ಅನ್ನುವ ಉತ್ತರ ಮತ್ತೆ ಮತ್ತೆ ಬಂತು. ಗುರುತಿನವರ ಮೂಲಕ ಕೆಲಸ ಸಿಕ್ಕಿದ 54 ಜನರ ಲೆಕ್ಕ ಅವರ ಬರಹದಲ್ಲಿದೆ. ಆ ಗುರುತಿನವರನ್ನು ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದವರು ಶೇ 55.6. ವರ್ಷಕ್ಕೊಂದು ಸಲ, ಅದಕ್ಕಿಂತಲೂ ಅಪರೂಪಕ್ಕೆ ನೋಡುತ್ತಿದ್ದವರು ಶೇ 27.8. ಅಂದರೆ ಮುಖ ಮರೆತುಹೋಗುವಷ್ಟು ದೂರದವರು ಕೊಡಿಸಿದ ಕೆಲಸ, ದಿನಾ ಕಾಣುವವರು ಕೊಡಿಸಿದ್ದಕ್ಕಿಂತ ಜಾಸ್ತಿ! ಈ ಬರಹವನ್ನು ಒಂದು ದೊಡ್ಡ ಪತ್ರಿಕೆ ಮೊದಲು ವಾಪಸ್ ಕಳಿಸಿತ್ತು. 1973ರಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಬಂತು. ಈಗ ಸಮಾಜಶಾಸ್ತ್ರದಲ್ಲಿ ಅದನ್ನು ಉಲ್ಲೇಖಿಸದವರು ಕಡಿಮೆ.

ಹೀಗೇಕೆ ಅಂದರೆ ಕಾರಣ ಸರಳ. ನಿಮ್ಮ ಆಪ್ತರು ಪರಸ್ಪರ ಆಪ್ತರು. ಅದೇ ಕಾಲೇಜು, ಅದೇ ಆಫೀಸು, ಅದೇ ವಾಟ್ಸಾಪ್ ಗ್ರೂಪು. ಅವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲದ್ದು ಅವರಿಗೂ ಗೊತ್ತಿಲ್ಲ. ನಿಮಗಾಗಿ ಪ್ರಾಣ ಬೇಕಾದರೂ ಕೊಟ್ಟಾರು, ಹೊಸ ಸುದ್ದಿ ಎಲ್ಲಿಂದ ತಂದಾರು? ಪರಿಚಯದವನು ಬೇರೆ ಗುಂಪಿನವನು. ಅವನ ಗುಂಪಿನಲ್ಲಿ ಹಳಸಿದ ಸುದ್ದಿ ನಿಮ್ಮ ಗುಂಪಿಗೆ ಹೊಚ್ಚ ಹೊಸದು.

ಸುಮಾರು ಐವತ್ತು ವರ್ಷದ ಮೇಲೆ ಇದೇ ಮಾತನ್ನು ಕೆಲಸದ ಸಂಪರ್ಕಗಳಿಗಾಗಿ ಇರುವ ಲಿಂಕ್ಡ್‌ಇನ್ ಜಾಲತಾಣದ 2 ಕೋಟಿ ಬಳಕೆದಾರರ ಮೇಲೆ ಪರೀಕ್ಷಿಸಿದರು. ಫಲಿತಾಂಶ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅಲ್ಲಿ ಒಂದು ತಿದ್ದುಪಡಿ ಸಿಕ್ಕಿತು. ಕೆಲಸ ಸಿಗಲು ಹೆಚ್ಚು ನೆರವಾದವರು ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ. ಇಬ್ಬರಿಗೂ ಗೊತ್ತಿರುವವರು ಹತ್ತು ಮಂದಿಯಷ್ಟು ಇರುವ, ನಡುವಿನ ದೂರದ ಜನ. ನಿಮ್ಮ ಹಳೇ ಆಫೀಸಿನವರು ಬಹುಶಃ ಈ ಜಾತಿಯವರೇ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಸೇರಿಸಬೇಕು. ಸುದ್ದಿ ಬೇರೆ, ವಶೀಲಿ ಬೇರೆ. ಚೀನಾದ ತಿಯಾನ್‌ಜಿನ್ ನಗರದಲ್ಲಿ ಸರ್ಕಾರವೇ ಎಲ್ಲರಿಗೂ ಕೆಲಸ ಹಂಚುತ್ತಿದ್ದ ಕಾಲದ ಬಗ್ಗೆ ಯಾನ್‌ಜಿಯೆ ಬಿಯಾನ್ ಅನ್ನುವವರು ಅಧ್ಯಯನ ಮಾಡಿದರು. ಅಲ್ಲಿ ಕಂಡಿದ್ದು ಉಲ್ಟಾ. ಕೆಲಸ ಕೊಡಿಸಿದ್ದು ಹತ್ತಿರದವರು. ಯಾಕೆಂದರೆ ಅಲ್ಲಿ ಬೇಕಾಗಿದ್ದು ಸುದ್ದಿ ಅಲ್ಲ, ಅಧಿಕಾರಿಯ ಮೇಲೆ ಒತ್ತಡ. ಒತ್ತಡ ಹಾಕುವವನು ತನ್ನ ಹೆಸರನ್ನು ಪಣಕ್ಕಿಡಬೇಕು. ಅದನ್ನು ಸುಮ್ನೆ ಪರಿಚಯದವನಿಗಾಗಿ ಯಾರು ಮಾಡುತ್ತಾರೆ? ನಮ್ಮಲ್ಲಿ ಈ ಎರಡೂ ಕಲಸಿಹೋಗಿವೆ. ಮದುವೆ ಮನೆಯಲ್ಲಿ ಒಮ್ಮೆ ಕೈ ಕುಲುಕಿದವರಿಗೆ ಮರುದಿನ ಫೋನ್ ಮಾಡಿ "ಸಾರ್, ನಮ್ಮ ಹುಡುಗನಿಗೆ ನಿಮ್ಮ ಕಡೆಯಿಂದ ಒಂದು ಮಾತು ಹೇಳಿಸಿ" ಅನ್ನುತ್ತೇವೆ. ಅವರು ಜಾರಿಕೊಂಡರೆ ಬೇಸರ. ಅದರ ಬದಲು "ನಿಮ್ಮ ಕಂಪನಿಯಲ್ಲಿ ಫ್ರೆಶರ್‌ಗಳನ್ನು ಯಾವ ತಿಂಗಳಲ್ಲಿ ತೆಗೆದುಕೊಳ್ಳುತ್ತಾರೆ, ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ" ಅಂತ ಕೇಳಿ ನೋಡಿ. ಅರ್ಧ ಗಂಟೆ ಕೂತು ಹೇಳುತ್ತಾರೆ.

ಆಪ್ತರ ಬಲವೇ ಕಟ್ಟಿಹಾಕುವುದೂ ಉಂಟು. ಮುಂಬಯಿಯ ದಾದರ್ ಶಾಲೆಗಳ ಬಗ್ಗೆ ಕೈವನ್ ಮುನ್ಶಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಲ್ಲಿನ ಕೆಲವು ಜಾತಿಗಳ ಗಂಡಸರು ತಲೆಮಾರುಗಳಿಂದ ಒಬ್ಬರಿಗೊಬ್ಬರು ಕಾರ್ಮಿಕರ ಕೆಲಸ ಕೊಡಿಸುತ್ತಾ ಬಂದಿದ್ದರು. ಮಾವ ಇದ್ದಾನೆ, ದೊಡ್ಡಪ್ಪ ಇದ್ದಾನೆ, ಹುಡುಗನಿಗೆ ಕೆಲಸ ಗ್ಯಾರಂಟಿ. ಹಾಗಾಗಿ ಹುಡುಗರು ಮರಾಠಿ ಮಾಧ್ಯಮದಲ್ಲೇ ಉಳಿದರು. ಹುಡುಗಿಯರಿಗೆ ಇಂಥ ಆಸರೆ ಇರಲಿಲ್ಲ. ಕಟ್ಟುಪಾಡೂ ಇರಲಿಲ್ಲ. ಅವರು ಇಂಗ್ಲಿಷ್ ಮಾಧ್ಯಮದತ್ತ ಹೆಚ್ಚು ಹೆಚ್ಚು ಸಾಗಿದರು. 1990ರ ದಶಕದಲ್ಲಿ ಆರ್ಥಿಕತೆ ತೆರೆದುಕೊಂಡು ಇಂಗ್ಲಿಷ್ ಬಲ್ಲವರ ಸಂಬಳ ಏರಿದಾಗ ಅದರ ಲಾಭ ಅವರಿಗೇ ಹೆಚ್ಚು ದಕ್ಕುವಂತಾಯಿತು. ಹುಡುಗರನ್ನು ಹಿಂದಕ್ಕೆ ಹಿಡಿದಿದ್ದು ಯಾರ ದ್ವೇಷವೂ ಅಲ್ಲ, ತಮ್ಮವರ ಪ್ರೀತಿ. ನಮ್ಮ ಗೆಳೆಯರ ಬಳಗ ಬಹುಪಾಲು ನಮ್ಮದೇ ಜಾತಿ, ನಮ್ಮದೇ ವರ್ಗ, ನಮ್ಮದೇ ವಯಸ್ಸು ಅನ್ನುವುದನ್ನು ಒಪ್ಪಿಕೊಳ್ಳೋಣ. ಆ ಗೆರೆ ದಾಟಿ ನಾವು ದಿನಾ ಮಾತಾಡುವುದು ಯಾರ ಜೊತೆ ಹೇಳಿ. ಪರಿಚಯದವರ ಜೊತೆಯೇ ಅಲ್ವಾ?

ನೀವು ತುಮಕೂರಿನವರು ಅಂದಿರಿ. ಹಾಗಾದರೆ ಬೆಳಗಿನ ಬೆಂಗಳೂರು ರೈಲಿನ ಪಾಸ್‌ನವರನ್ನು ನೋಡಿಯೇ ಇರುತ್ತೀರಿ. ಒಂದು ಬೋಗಿಯ ಒಂದು ಮೂಲೆ ಅವರದ್ದು. ಕ್ಯಾತ್ಸಂದ್ರದಲ್ಲಿ ಹತ್ತುವವರಿಗೆ ತುಮಕೂರಿನಲ್ಲಿ ಹತ್ತಿದವರು ಬ್ಯಾಗ್ ಇಟ್ಟು ಸೀಟು ಹಿಡಿದಿರುತ್ತಾರೆ. ಒಬ್ಬರು ಸರ್ಕಾರಿ ಕಚೇರಿಯ ಎಫ್‌ಡಿಎ, ಒಬ್ಬರು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್, ಒಬ್ಬರು ನರ್ಸಿಂಗ್ ಹೋಮಿನ ಲ್ಯಾಬ್‌ನಲ್ಲಿ, ಒಬ್ಬ ಹುಡುಗ ಇನ್ನೂ ಡಿಪ್ಲೊಮಾ ಓದುತ್ತಿದ್ದಾನೆ. ಒಬ್ಬರ ಮನೆ ಇನ್ನೊಬ್ಬರು ಕಂಡಿಲ್ಲ. ಪೂರ್ತಿ ಹೆಸರು ಗೊತ್ತಿಲ್ಲದವರೂ ಇದ್ದಾರೆ. "ಕೆಇಬಿ ಅಣ್ಣ", "ಲ್ಯಾಬ್ ಮೇಡಂ", ಅಷ್ಟೇ. ಡಬ್ಬಿಯ ಚಿತ್ರಾನ್ನ ಕೈಯಿಂದ ಕೈಗೆ ಹೋಗುತ್ತದೆ. ಯಶವಂತಪುರ ಬರುವಷ್ಟರಲ್ಲಿ ಎಷ್ಟು ವಿಷಯ ಆ ಮೂಲೆಯಲ್ಲಿ ಹರಿದಾಡಿರುತ್ತದೆ ನೋಡಿ. ಖಾತೆ ಮಾಡಿಸಲು ಯಾವ ಕಾಗದ ಬೇಕು, ಮಂಡಿನೋವಿಗೆ ಯಾರು ಆಪರೇಷನ್ ಬೇಡ ಅಂತ ನೇರವಾಗಿ ಹೇಳುವ ಡಾಕ್ಟರು, ಯಾವ ಪಿಯು ಕಾಲೇಜಿನಲ್ಲಿ ಫೀಸು ಕಂತಿನಲ್ಲಿ ಕಟ್ಟಬಹುದು, ಯಾರ ಮನೆಯಲ್ಲಿ ಒಳ್ಳೆಯ ಗಂಡಿದ್ದಾನೆ. ಯಾರಾದರೂ ಮೂರು ದಿನ ಕಾಣದಿದ್ದರೆ "ಯಾಕೆ, ಹುಷಾರಿಲ್ಲವಾ" ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. ಆ ಕೆಇಬಿ ಅಣ್ಣನಿಗೆ ವರ್ಗ ಆದರೆ ಒಂದು ದಿನ ಸ್ವೀಟ್ ಹಂಚುತ್ತಾರೆ, ಮುಗಿಯಿತು. ಆಮೇಲೆ ಯಾರೂ ಫೋನ್ ಮಾಡುವುದಿಲ್ಲ. ಅದರಲ್ಲಿ ಮೋಸವೇನೂ ಇಲ್ಲ.

ವ್ಯತ್ಯಾಸ ಇರುವುದು ಇಲ್ಲೇ. ಎಷ್ಟು ಇಷ್ಟ ಅನ್ನುವುದರಿಂದ ಅದನ್ನು ಅಳೆಯಲಾಗದು. ರೈಲಿನ ಆ ಅಣ್ಣ ನಿಮಗೆ ನಿಮ್ಮ ಗೆಳೆಯನಿಗಿಂತ ಹೆಚ್ಚು ಇಷ್ಟವಾಗಬಹುದು. ಆದರೆ ನೀವು ಅವರ ಮಗಳ ಮದುವೆಗೆ ಹೋಗದಿದ್ದರೆ ಅವರಿಗೆ ಮುನಿಸಿಕೊಳ್ಳುವ ಹಕ್ಕಿಲ್ಲ. ಗೆಳೆಯನಿಗೆ ಇದೆ. ನಮ್ಮ ಲಗ್ನಪತ್ರಿಕೆ ಹಂಚುವ ಪದ್ಧತಿಗೆ ಇದು ಚೆನ್ನಾಗಿ ಗೊತ್ತು. ಕೆಲವರ ಮನೆಗೆ ಗಂಡಹೆಂಡತಿ ಇಬ್ಬರೂ ಹೋಗಿ, ಕುಂಕುಮ ಕೊಟ್ಟು, ಕೂತು, ಕಾಫಿ ಕುಡಿದು ಕರೆಯುತ್ತೇವೆ. ಕೆಲವರಿಗೆ ವಾಟ್ಸಾಪ್‌ನಲ್ಲಿ ಪತ್ರಿಕೆ ಕಳಿಸಿ "ಇದನ್ನೇ ವೈಯಕ್ತಿಕ ಆಹ್ವಾನ ಅಂದುಕೊಳ್ಳಿ" ಅನ್ನುತ್ತೇವೆ. ಎರಡನೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಬಂದರೆ ಸಂತೋಷ, ಬರದಿದ್ದರೂ ಸಂತೋಷ.

ಪರಿಚಯ ಒಂದು ಜಾಗಕ್ಕೆ ಅಂಟಿಕೊಂಡಿರುತ್ತದೆ. ರೈಲು, ಆಫೀಸು, ವಾಕಿಂಗ್ ಪಾರ್ಕು, ಹಾಲಿನ ಬೂತು. ಜಾಗ ಹೋದರೆ ಅದೂ ಹೋಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರಿಗೂ ಇದರ ಬಿಸಿ ತಟ್ಟಿತು. ಗೆಳೆಯರು ವೀಡಿಯೊ ಕಾಲ್‌ನಲ್ಲಿ ಸಿಕ್ಕರು. ಎಳನೀರಿನವನು, ಪೇಪರಿನವನು, ಲಿಫ್ಟಿನಲ್ಲಿ ಸಿಗುತ್ತಿದ್ದ ಮೂರನೇ ಮಹಡಿಯವರು ಸಿಗಲಿಲ್ಲ. ದಿನ ಯಾಕೋ ಖಾಲಿ ಅನ್ನಿಸುತ್ತಿತ್ತು. ಯಾಕೆ ಅಂತ ಬಹಳ ಜನಕ್ಕೆ ಹೊಳೆಯಲಿಲ್ಲ.

ಅದು ಬರೀ ಅನ್ನಿಸಿಕೆ ಅಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಒಂದು ಸಣ್ಣ ಪ್ರಯೋಗ ಮಾಡಿದರು, 2014ರಲ್ಲಿ ಪ್ರಕಟವಾಯಿತು. ಸ್ಟಾರ್‌ಬಕ್ಸ್‌ಗೆ ಹೋಗುವ ಕೆಲವರಿಗೆ, ಕಾಫಿ ಕೊಡುವವರ ಮುಖ ನೋಡಿ ನಕ್ಕು ಒಂದೆರಡು ಮಾತಾಡಿ ಅಂದರು. ಇನ್ನು ಕೆಲವರಿಗೆ, ಮಾತು ಬೇಡ, ದುಡ್ಡು ರೆಡಿ ಇಟ್ಟುಕೊಂಡು ಬೇಗ ಮುಗಿಸಿ ಅಂದರು. ಮಾತಾಡಿದವರು ಹೆಚ್ಚು ಖುಷಿಯಾಗಿ ಹೊರಗೆ ಬಂದರು. ತಾವೂ ಈ ಊರಿಗೆ ಸೇರಿದವರು ಅನ್ನುವ ಭಾವನೆಯೂ ಅವರಲ್ಲಿ ಜಾಸ್ತಿ ಇತ್ತು. ನಾವೀಗ ಹತ್ತು ನಿಮಿಷದಲ್ಲಿ ಕೊತ್ತಂಬರಿ ಮನೆಗೆ ತರಿಸಿಕೊಂಡು ಉಳಿಸುತ್ತಿರುವ ಸಮಯ, ಈ ಲೆಕ್ಕದಲ್ಲಿ ಲಾಭವೋ ನಷ್ಟವೋ ನೀವೇ ಹೇಳಿ.

ಇನ್ನೊಂದು ವಿಚಿತ್ರ ಇದೆ. ಮನಸ್ಸಿನ ಮಾತನ್ನು ನಾವು ಆಪ್ತರಿಗೆ ಮಾತ್ರ ಹೇಳುತ್ತೇವೆ ಅಂದುಕೊಂಡಿದ್ದೇವೆ. ಅಮೆರಿಕದಲ್ಲಿ ಮಾರಿಯೊ ಸ್ಮಾಲ್ ಅನ್ನುವವರು ಲೆಕ್ಕ ಹಾಕಿದಾಗ, ಜನ ತಮ್ಮ ಮುಖ್ಯ ವಿಷಯಗಳನ್ನು ಹೇಳಿಕೊಂಡವರಲ್ಲಿ ಅರ್ಧದ ಹತ್ತಿರ ಹತ್ತಿರ ಮಂದಿ ಅವರಿಗೆ ಅಂಥಾ ಮುಖ್ಯರಾದವರೇ ಅಲ್ಲ. ಯೋಚಿಸಿದರೆ ಆಶ್ಚರ್ಯವಿಲ್ಲ. ಕೆಲಸ ಹೋಗುವ ಭಯ ಹೆಂಡತಿಗೆ ಹೇಳಿದರೆ ಅವಳಿಗೆ ನಿದ್ದೆ ಹೋಗುತ್ತದೆ. ಗೆಳೆಯನಿಗೆ ಹೇಳಿದರೆ ಅವನ ಹೆಂಡತಿಯ ಮೂಲಕ ಮನೆಗೇ ಬರುತ್ತದೆ. ರೈಲಿನ ಅಣ್ಣನಿಗೆ ಹೇಳಿದರೆ ಯಶವಂತಪುರದಲ್ಲಿ ಇಳಿದುಹೋಗುತ್ತದೆ. ಗೆಳೆಯರ ಮನಸ್ಸಿನಲ್ಲಿ ನಮ್ಮದೊಂದು ಹಳೇ ಫೋಟೊ ಇರುತ್ತದೆ. "ನೀನು ಹಾಗೆ ಮಾಡುವವನೇ ಅಲ್ಲ ಬಿಡೋ" ಅನ್ನುತ್ತಾರೆ. ಪರಿಚಯದವರಿಗೆ ಆ ಫೋಟೊ ಇಲ್ಲ. ಅವರೆದುರು ನೀವು ಇವತ್ತು ಹೇಗಿದ್ದೀರೋ ಹಾಗೆ ಇರಬಹುದು. ಹಾಗಂತ ಅವರೂ ಸುಮ್ಮನಿರುವವರಲ್ಲ, ಬಿಡಿ. ಮೊದಲ ಭೇಟಿಯಲ್ಲೇ ಸಂಬಳ ಎಷ್ಟು, ಮಕ್ಕಳು ಯಾಕೆ ಒಂದೇ ಅಂತ ಕೇಳುವ ನಾಡು ನಮ್ಮದು.

ನಿಮ್ಮ ಆಸ್ಪತ್ರೆ ಪ್ರಸಂಗದಲ್ಲಿ ನೆನಪಿಡಬೇಕಾದ್ದು ಇಷ್ಟು. ರಕ್ತ ಕೊಡುವುದು ದೊಡ್ಡ ಉಪಕಾರ, ಆದರೆ ಅದಕ್ಕೆ ಅಂಚು ಇದೆ. ಸಾಮಾನ್ಯವಾಗಿ 350 ಮಿಲಿಲೀಟರ್, ಫಾರಂ ತುಂಬುವುದೂ ಸೇರಿ ಒಂದು ಗಂಟೆಯ ಒಳಗೆ. ಬಂದರು, ಕೊಟ್ಟರು, ಜ್ಯೂಸ್ ಕುಡಿದರು, ಹೋದರು. ರೋಗಿಯ ಜೊತೆ ಅಟೆಂಡರ್ ಆಗಿ ಮಲಗುವುದಕ್ಕೆ ಅಂಚೇ ಇಲ್ಲ. ಎಷ್ಟು ರಾತ್ರಿ, ಯಾರು ಬೆಡ್‌ಪ್ಯಾನ್ ಇಡುವುದು, ಮಧ್ಯರಾತ್ರಿ ಬಿಲ್ಲಿಂಗ್ ಕೌಂಟರಿನಿಂದ ಕರೆ ಬಂದರೆ ಏನು. ಇದನ್ನು ಪರಿಚಯದವರಿಂದ ನಿರೀಕ್ಷಿಸಬೇಡಿ. ನೀವೂ ಅವರಲ್ಲಿ ಎಷ್ಟೋ ಜನರ ತಂದೆಗೆ ಹಾಗೆ ಮಲಗುತ್ತಿರಲಿಲ್ಲ. ಎಲ್ಲಿ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರುವ ಕೆಲಸವನ್ನು ಕೇಳಿ, ಬಹಳ ಜನ ಸಂತೋಷವಾಗಿ ಮಾಡುತ್ತಾರೆ.

ಅಪ್ಪ ಈಗ ಬೆಂಗಳೂರಿನಲ್ಲಿ ನಿಮ್ಮ ಮನೆಯಲ್ಲೇ ಇದ್ದರೆ, ಅವರ ಕಡೆಗೂ ಸ್ವಲ್ಪ ನೋಡಿ. ತುಮಕೂರಿನಲ್ಲಿ ಅವರಿಗೆ ಕಟ್ಟೆ ಇತ್ತು, ಅಂಗಡಿ ಇತ್ತು, ನಮಸ್ಕಾರ ಹೇಳುವವರು ಇದ್ದರು. ಇಲ್ಲಿ ಅವೆಲ್ಲ ಒಂದೇ ಏಟಿಗೆ ಹೋದವು. ಡಾಕ್ಟರು ನಡೆಯಬಹುದು ಅಂದ ಮೇಲೆ ದಿನಾ ಒಂದೇ ಹೊತ್ತಿಗೆ ಒಂದೇ ಪಾರ್ಕಿಗೆ ಕರೆದುಕೊಂಡು ಹೋಗಿ. ಪರಿಚಯ ಹುಟ್ಟುವುದು ಹಾಗೆಯೇ. ಅದೇ ಮುಖ ಅದೇ ಹೊತ್ತಿಗೆ ಕಾಣುತ್ತಿದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ.

ಇವರಲ್ಲೇ ಕೆಲವರನ್ನು ಗೆಳೆಯರನ್ನಾಗಿ ಮಾಡಿಕೊಳ್ಳಬಹುದಾ ಅಂದಿರಿ. ಆಗಬಹುದು, ಆದರೆ ಗಂಟೆಗಳ ಲೆಕ್ಕ ನೋಡಿಕೊಳ್ಳಿ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಇದನ್ನು ಅಂದಾಜು ಮಾಡಿದ್ದಾರೆ. ಪರಿಚಯ ಹೋಗಿ ಸಾಧಾರಣ ಗೆಳೆತನ ಆಗಲು ಸುಮಾರು 50 ಗಂಟೆ ಜೊತೆಗಿರಬೇಕು. ಗೆಳೆಯ ಅನ್ನಿಸಿಕೊಳ್ಳಲು 90. ಆಪ್ತ ಆಗಲು 200ಕ್ಕಿಂತ ಜಾಸ್ತಿ. ಆಫೀಸಿನಲ್ಲಿ ಅಕ್ಕಪಕ್ಕ ಕೂತ ಗಂಟೆಗಳು ಇದರಲ್ಲಿ ಅಷ್ಟಾಗಿ ಜಮಾ ಆಗುವುದಿಲ್ಲ. 44ರ ವಯಸ್ಸಿನಲ್ಲಿ, ಮನೆ ಮಕ್ಕಳು ಇಎಂಐ ನಡುವೆ, 200 ಗಂಟೆ ಅಂದರೆ ವಾರಕ್ಕೆ ಎರಡು ಗಂಟೆಯಂತೆ ಹತ್ತಿರ ಹತ್ತಿರ ಎರಡು ವರ್ಷ. ಹಾಗಾಗಿ ಹತ್ತು ಜನರ ಹಿಂದೆ ಬೀಳಬೇಡಿ. ರಕ್ತ ಕೊಟ್ಟ ಇಬ್ಬರಲ್ಲಿ ಯಾರ ಜೊತೆ ಮಾತು ತಾನಾಗಿ ಉದ್ದವಾಗುತ್ತದೋ ಅವರನ್ನು ಒಂದು ಭಾನುವಾರ ದೋಸೆಗೆ ಕರೆಯಿರಿ. ಜಾಗ ಬದಲಾಗಬೇಕು, ಅದು ಮುಖ್ಯ. ಆಫೀಸಿನ ಹೊರಗೆ, ಆಮೇಲೆ ಮನೆಗೆ. ಅವರು ಎರಡು ಸಲ ತಪ್ಪಿಸಿಕೊಂಡರೆ ಅಲ್ಲಿಗೇ ಬಿಡಿ. ಅವರಿಗೆ ನೀವು ಪರಿಚಯದವರಾಗಿಯೇ ಇಷ್ಟ ಅಂತ ಅರ್ಥ, ಅವಮಾನ ಅಲ್ಲ.

ಉಳಿದ 898 ನಂಬರ್ ಅಳಿಸಬೇಡಿ. ಅವರನ್ನು ಇಟ್ಟುಕೊಳ್ಳಲು ಖರ್ಚೇ ಇಲ್ಲ. ಆದರೆ ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸುವುದರಿಂದ ಪರಿಚಯ ಉಳಿಯುವುದಿಲ್ಲ. ಅದನ್ನು ಯಾರೂ ತೆರೆಯುವುದೂ ಇಲ್ಲ. ಅವರಿಗೇ ಬೇಕಾಗುವಂಥ ಒಂದು ಸುದ್ದಿ ಕಂಡಾಗ ಎರಡು ಸಾಲು ಬರೆಯಿರಿ. "ನಿಮ್ಮ ಮಗಳು ಸಿಎ ಮಾಡುತ್ತಿದ್ದಳಲ್ವಾ, ನಮ್ಮ ಆಡಿಟರ್ ಆರ್ಟಿಕಲ್‌ಶಿಪ್‌ಗೆ ಹುಡುಕುತ್ತಿದ್ದಾರೆ." ವರ್ಷಕ್ಕೊಮ್ಮೆ ಇಂಥದ್ದು ಒಂದು ಆದರೂ ಸಾಕು. ಇನ್ಶೂರೆನ್ಸ್ ಪಾಲಿಸಿ, ಚೀಟಿ, ಚೈನ್ ಸ್ಕೀಮು ಇವನ್ನು ಮಾರಲು ಈ ಪಟ್ಟಿ ತೆಗೆಯಬೇಡಿ. ಒಮ್ಮೆ ಗಿರಾಕಿ ಮಾಡಿಕೊಂಡವರು ಮತ್ತೆ ಪರಿಚಯದವರಾಗಿ ಉಳಿಯುವುದು ಕಷ್ಟ. ನಿಮ್ಮನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಕೊನೆಯದಾಗಿ ಜಾಮೀನು. ಎಲ್ಲರ ಜೊತೆ ಬೆರೆಯುವವರ ಹತ್ತಿರ ಇದಕ್ಕೆ ಜನ ಬಂದೇ ಬರುತ್ತಾರೆ. "ಸುಮ್ನೆ ಒಂದು ಸೈನ್ ಸಾರ್, ಫಾರ್ಮಾಲಿಟಿ" ಅನ್ನುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಲಗಾರನ ಮೇಲೆ ಎಷ್ಟು ಹೊಣೆಯೋ ಜಾಮೀನು ಹಾಕಿದವನ ಮೇಲೂ ಅಷ್ಟೇ ಹೊಣೆ ಅನ್ನುತ್ತದೆ. ಬ್ಯಾಂಕು ಬಡ್ಡಿ ಸಮೇತ ನಿಮ್ಮಿಂದಲೇ ಕೇಳಬಹುದು. ಆಸ್ಪತ್ರೆಗೆ ಕರೆಯಬಹುದಾದ ಆ ಇಬ್ಬರಿಗೆ ಬೇಕಾದರೆ ಮನೆಯಲ್ಲಿ ಮಾತಾಡಿ ಸೈನ್ ಹಾಕಿ, ಅದೂ ಕಳೆದರೂ ತಡೆದುಕೊಳ್ಳುವಷ್ಟು ಮೊತ್ತಕ್ಕೆ. ಉಳಿದವರಿಗೆ "ನಮ್ಮ ಮನೆಯಲ್ಲಿ ಜಾಮೀನು ಹಾಕುವ ಪದ್ಧತಿ ಇಲ್ಲ" ಅಂತ ಮೊದಲ ಸಲವೇ ಹೇಳಿಬಿಡಿ. ನಾಳೆ ನೋಡೋಣ ಅಂತ ಮಾತ್ರ ಅನ್ನಬೇಡಿ, ಮರುದಿನ ಬೆಳಗ್ಗೆ ಫಾರಂ ಹಿಡಿದು ಬಂದುಬಿಡುತ್ತಾರೆ.